ತಾಳೆಯಾಗದ ಆರು ಮಿಲಿಮೀಟರ್

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಲೆಕ್ಕ ಬರೆದವನು ನಾನು. ಆಗೆಲ್ಲ ಸಂಜೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವ ತನಕ ನಾವು ಮನೆಗೆ ಹೋಗುತ್ತಿರಲಿಲ್ಲ. ಅಂಥ ನನ್ನ ಲೆಕ್ಕ ಹೋದ ವರ್ಷ ಇಂಗ್ಲೆಂಡಿನಲ್ಲಿ ತಪ್ಪಿತು.

ಮಗಳು, ಅಳಿಯ ಇರುವುದು ಕವೆಂಟ್ರಿಯಲ್ಲಿ. ಅಳಿಯನಿಗೆ ಕಾರಿನ ಹುಚ್ಚು. ಅದೂ ಶೋರೂಮಿನ ಕಾರಲ್ಲ, ಬಿಡಿಭಾಗಗಳನ್ನು ತರಿಸಿ ಮನೆಯ ಗ್ಯಾರೇಜಿನಲ್ಲೇ ಜೋಡಿಸುವ ಕಿಟ್ ಕಾರು. ಅಲ್ಲಿ ಇದು ಹಳೆಯ ಹವ್ಯಾಸ. 1957ರಲ್ಲಿ ಬಂದ ‘ಲೋಟಸ್ ಸೆವೆನ್’ ಎಂಬ ಪುಟ್ಟ ಕಾರನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಖರೀದಿ ತೆರಿಗೆ ಉಳಿಯುತ್ತಿತ್ತು. ಈಗ ಹೀಗೆ ಜೋಡಿಸಿದ ಕಾರು ಸರ್ಕಾರದ ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ ರಸ್ತೆಗೆ ಇಳಿಯಬೇಕು.

ಅಳಿಯನ ಕಿಟ್ಟಿನಲ್ಲಿ ಎಲ್ಲವೂ ಬಂದಿರಲಿಲ್ಲ. ಎಂಜಿನ್ ಒಂದು ಹಳೆಯ ಕಾರಿನದು, ಬ್ಯಾಟರಿಯೂ ಅದರದೇ. ಆ ಬ್ಯಾಟರಿ ಕೂರುವ ತಟ್ಟೆಯನ್ನು ನಾವೇ ಮಾಡಬೇಕಿತ್ತು. ಕೆಲಸಕ್ಕೆ ಹೊರಡುತ್ತಾ ಅಳಿಯ, “ಮಾವ, ನೀವೂ ಇವನೂ ಸೇರಿ ಮಾಡಿಡ್ತೀರಾ?” ಅಂದ. ಎರಡು ತಿಂಗಳಿಂದ ಸೋಫಾದಲ್ಲಿ ಕೂತು ಬೇಸತ್ತಿದ್ದ ನನಗೆ ಅಷ್ಟೇ ಸಾಕಾಯಿತು.

ಬ್ಯಾಟರಿಯ ಅಗಲ 175 ಮಿ.ಮೀ. ಮೊದಲು ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನಲ್ಲಿ ಮಾದರಿ ಮಾಡಿದೆವು. ಬ್ಯಾಟರಿ ಅದರಲ್ಲಿ ಚೆನ್ನಾಗಿ ಕೂತಿತು. ಅದೇ ಅಳತೆಗೆ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಕತ್ತರಿಸಿ, ವೈಸಿಗೆ ಸಿಕ್ಕಿಸಿ, ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಿಂದ ಬಡಿದು ಎರಡೂ ಕಡೆ ಮೇಲಕ್ಕೆ ಮಡಿಸಿದೆವು. ಹನ್ನೆರಡು ವರ್ಷದ ಮೊಮ್ಮಗ ಅರದಿಂದ ಅಂಚು ಉಜ್ಜಿ ನುಣುಪು ಮಾಡಿದ. ಆದರೆ ಬ್ಯಾಟರಿ ಒಳಗೆ ಇಳಿಯಲೇ ಇಲ್ಲ!

ನಾನು ಹೊರಗಿನಿಂದ ಅಳೆದೆ, 175. ಮೊಮ್ಮಗ ಒಳಗಿನಿಂದ ಅಳೆದ, 169. “ಅಜ್ಜ, ನೀನು ಗೋಡೆ ದಪ್ಪಾನ ಲೆಕ್ಕಕ್ಕೆ ಹಿಡಿದೇ ಇಲ್ಲ. ಆ ಕಡೆ 3, ಈ ಕಡೆ 3.” ರಟ್ಟು ತೆಳ್ಳಗಿದ್ದದ್ದರಿಂದ ನನ್ನ ತಪ್ಪು ಅಲ್ಲಿ ಕಂಡಿರಲಿಲ್ಲ.

“ಬಡಿದು ಸ್ವಲ್ಪ ಅಗಲಿಸೋಣ ಬಿಡು” ಅಂದೆ.

“ಮತ್ತೆ ಮತ್ತೆ ಬಗ್ಗಿಸಿದ್ರೆ ಬಿರುಕು ಬಿಡುತ್ತೆ ಅಜ್ಜ.”

ಸಂಜೆ ಅಳಿಯ ಬಂದು ನೋಡಿ, “ಅಳತೆ ತಗೊಂಡಿದ್ದು ಯಾರು?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹುಡುಗ, “ನಾನೇ ಅಪ್ಪಾ” ಅಂದುಬಿಟ್ಟ. ನಾನು ಸುಮ್ಮನಿದ್ದೆ.

ರಾತ್ರಿ ಊಟ ರುಚಿಸಲಿಲ್ಲ. ಲೆಡ್ಜರಿನಲ್ಲಿ ತಪ್ಪಾದರೆ ನಾವು ಉಜ್ಜಿ ಅಳಿಸುವಂತಿರಲಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕಿತ್ತು. ನನ್ನ ತಪ್ಪಿಗೆ ಬೇರೆಯವರ ಸಹಿ ಬೀಳಲು ನಾನು ಒಂದು ದಿನವೂ ಬಿಟ್ಟವನಲ್ಲ. ಈಗ ಈ ಮಗುವಿನ ಸಹಿ ಬಿದ್ದಿತ್ತು.

ಎದ್ದು ಗ್ಯಾರೇಜಿಗೆ ಹೋದೆ. ಮಾರ್ಕರ್ ಪೆನ್ನಿನಿಂದ ಆ ತಟ್ಟೆಯ ಮೇಲೆ 175 ಎಂದು ಬರೆದು ಗೆರೆ ಎಳೆದೆ. ಪಕ್ಕದಲ್ಲಿ 181 ಬರೆದು ಸಹಿ ಹಾಕಿದೆ. ತಂದು ಅಳಿಯನ ಕೈಗೆ ಕೊಟ್ಟು, “ಅಳತೆ ನನ್ನದು. ತಪ್ಪು ಕಂಡುಹಿಡಿದದ್ದು ಮಾತ್ರ ಇವನು” ಅಂದೆ. ಅಳಿಯ ಮಗನ ತಲೆ ಸವರಿದ. ಹುಡುಗ ತಟ್ಟೆಯನ್ನು ಇಸಿದುಕೊಂಡು ನೋಡಿ, “ಸಲೀಸಾಗಿ ಇಳಿಯೋಕೆ ಇನ್ನೊಂದು ಮಿಲಿಮೀಟರ್ ಬೇಕು ಅಜ್ಜ, 182 ಮಾಡು” ಅಂದ. ಮಾರನೆಯ ದಿನ ಹಾಗೇ ಮಾಡಿದೆವು. ಬ್ಯಾಟರಿ ಅಲುಗಾಡದೆ ಕೂತಿತು.

ಹಳೆಯ ತಟ್ಟೆಯನ್ನು ಸೂಟ್‌ಕೇಸಿನಲ್ಲಿ ಶಿವಮೊಗ್ಗಕ್ಕೆ ತಂದಿದ್ದೇನೆ. ಮೇಜಿನ ಮೇಲಿದೆ. ನಮ್ಮಿಬ್ಬರ ಪಾಸ್‌ಬುಕ್ಕುಗಳು ಅದರಲ್ಲಿ ಸರಿಯಾಗಿ ಕೂರುತ್ತವೆ.