ಮೂವತ್ತೆರಡರ ಅಚ್ಚು

ಪಿಸ್ತೂಲಿನ ಹುಚ್ಚಿನವರು ಬೇರೆ, ಅಚ್ಚಿನ ಹುಚ್ಚಿನವರು ಬೇರೆ. ಮೊದಲನೆಯವರ ಮನೆಯಲ್ಲಿ ಹತ್ತಾರು ಪಿಸ್ತೂಲುಗಳಿದ್ದು ತೋಟಾಗಳ ಪೊಟ್ಟಣ ಅಂಗಡಿಯಿಂದ ಬರುತ್ತದೆ. ಎರಡನೆಯವರ ಮನೆಯಲ್ಲಿ ಒಂದೇ ಒಂದು ಹಳೇ ರಿವಾಲ್ವರ್ ಇರುತ್ತದೆ. ಅದಕ್ಕೆ ಗುಂಡು ಎರಕ ಹೊಯ್ಯುವ ಅಚ್ಚುಗಳು ಮಾತ್ರ ಗ್ಯಾರೇಜಿನ ಕಪಾಟಿನಲ್ಲಿ ಜಾಗ ಸಾಲದೆ ನೆಲಕ್ಕಿಳಿದಿರುತ್ತವೆ. ನಾನು ಎರಡನೆಯ ಪಂಗಡದವನು. “ಒಂದು ರಿವಾಲ್ವರಿಗೆ ಎಷ್ಟು ಅಚ್ಚು ಬೇಕು ರೀ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. “ಒಂದೇ ಸಾಕು. ಆ ಒಂದು ಯಾವುದು ಅಂತ ಗೊತ್ತಾಗಬೇಕಲ್ಲ” ಎನ್ನುತ್ತೇನೆ. ಇದು ತಮಾಷೆಯ ಉತ್ತರವೆಂದು ಅವಳು ತಿಳಿದಿದ್ದಾಳೆ. ಅಲ್ಲ.

ನಾನಿರುವುದು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಇಲ್ಲಿನ ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ಗುಂಡು ಎರಕ ಹೊಯ್ದುಕೊಳ್ಳಲು ಪರವಾನಗಿ ಬೇಡ; ಮಾರುವುದಾದರೆ ಬೇಕು. ಊರಿನಲ್ಲಿ ಓದುತ್ತಿರುವವರು ಮಾತ್ರ ದಯವಿಟ್ಟು ಒಲೆ ಹಚ್ಚಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಿದೆ, ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದರೆ ನೇರ ಜೈಲಿನ ದಾರಿ. ಮಲೆನಾಡಿನ ನಮ್ಮ ಮನೆಯಲ್ಲೂ ಹಂದಿಯ ಕಾಟಕ್ಕೆಂದು ಪರವಾನಗಿ ಪಡೆದ ಕೇಪಿನ ಕೋವಿಯೊಂದಿತ್ತು. ಅಜ್ಜ ಅದಕ್ಕೆ ಪೇಟೆಯಿಂದ ಚರೆ ತರುತ್ತಿದ್ದರೇ ಹೊರತು ಮನೆಯಲ್ಲಿ ಸೀಸ ಕರಗಿಸಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಈ ಚಾಳಿ ರಕ್ತದಲ್ಲಿ ಬಂದದ್ದಲ್ಲ, ಇಲ್ಲಿಗೆ ಬಂದ ಮೇಲೆ ಅಂಟಿದ್ದು.

ಈ ರಾಜ್ಯದಲ್ಲಿ ಇದು ಅಂಟದಿದ್ದರೇ ಆಶ್ಚರ್ಯ. ಜಾನ್ ಬಾರ್ಲೋ ಎಂಬಾತ 1884ರಲ್ಲಿ ಇಲ್ಲಿ ಐಡಿಯಲ್ ಕಂಪನಿ ತೆರೆದು, ಇಕ್ಕಳದ ಆಕಾರದ, ಒಂದು ತುದಿಯಲ್ಲಿ ಗುಂಡಿನ ಅಚ್ಚೇ ಇರುವ ಸಲಕರಣೆಗಳನ್ನು ಮನೆಮನೆಗೆ ಮಾರಿದ. ಆ ಹಳೆಯವಕ್ಕೆ ಮರದ ಹಿಡಿಯೂ ಇರಲಿಲ್ಲ, ಸೀಸ ಹೊಯ್ಯುತ್ತಿದ್ದಂತೆ ಕೈಯೂ ಸುಡುತ್ತಿತ್ತು. ಆ ವ್ಯವಹಾರ 1925ರಲ್ಲಿ ಲೈಮನ್ ಕಂಪನಿಯ ಪಾಲಾಯಿತು. ಲೈಮನ್ ಈಗಲೂ ಅಚ್ಚು ಮಾಡುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಲಿಚ್‌ಫೀಲ್ಡ್ ಎಂಬ ಊರಿದೆ. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಜನ ಮೂರನೆಯ ಜಾರ್ಜ್ ದೊರೆಯ ಪ್ರತಿಮೆಯನ್ನು ಹಗ್ಗ ಹಾಕಿ ಕೆಡವಿದರು. ದೊರೆಯೂ ಕುದುರೆಯೂ ಸೀಸದವು, ಮೇಲೆ ಚಿನ್ನದ ಲೇಪ. ಆ ಸೀಸದಲ್ಲಿ ಬಹುಪಾಲು ಲಿಚ್‌ಫೀಲ್ಡಿನ ಆಲಿವರ್ ವೋಲ್ಕಾಟ್ ಮನೆಗೆ ಬಂತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆತನೂ ಒಬ್ಬ. ಅವನ ಮಕ್ಕಳು ಲಾರಾ, ಮೇರಿ ಆ್ಯನ್, ಪುಟ್ಟ ಫ್ರೆಡರಿಕ್, ಜೊತೆಗೆ ನೆರೆಯ ಹೆಂಗಸರು ಕೂಡಿ ಗುಂಡು ಹೊಯ್ದು ತೋಟಾ ಕಟ್ಟಿದರು. ಯಾರು ಎಷ್ಟು ಮಾಡಿದರೆಂಬ ಪಟ್ಟಿಯನ್ನೂ ವೋಲ್ಕಾಟ್ ಬರೆದಿಟ್ಟ: ಒಟ್ಟು 42,088. ಮಕ್ಕಳ ಕೈಗೆ ಕರಗಿದ ಸೀಸ ಕೊಟ್ಟದ್ದಕ್ಕೆ ಇವತ್ತಾಗಿದ್ದರೆ ಮಕ್ಕಳ ರಕ್ಷಣಾ ಇಲಾಖೆಯವರು ಅವನ ಬಾಗಿಲು ಬಡಿಯುತ್ತಿದ್ದರು. ಆದರೆ ಲೆಕ್ಕ ಬರೆದಿಟ್ಟ ಆ ಬುದ್ಧಿ ನನಗೆ ಬಹಳ ಹಿಡಿಸಿದೆ. ಎರಕ ಹೊಯ್ಯುವವರಿಗೆಲ್ಲ ಎಣಿಸುವ ಚಟ ಇರುತ್ತದೆ.

ಇದೇ ರಾಜ್ಯದಲ್ಲಿ ನ್ಯೂಟೌನ್ ಕೂಡ ಇದೆ. 2012ರ ಡಿಸೆಂಬರ್ 14ರಂದು ಅಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿನ ದಾಳಿಗೆ ಸತ್ತರು. ಮರುವರ್ಷ ಬಂದ ಕಾನೂನಿನಿಂದಾಗಿ ಇಲ್ಲಿ ತೋಟಾ ಕೊಳ್ಳಬೇಕಾದರೂ ಅನುಮತಿಪತ್ರ ತೋರಿಸಬೇಕು. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಕೆಲವರು ಅದಕ್ಕೆ ಗೊಣಗುತ್ತಾರೆ, ನಾನು ಗೊಣಗುವುದಿಲ್ಲ. ಇನ್ನಷ್ಟು ಬಿಗಿ ಮಾಡಿದರೂ ನನ್ನ ತಕರಾರಿಲ್ಲ. ಕಾಗದಕ್ಕೆ ತೂತು ಮಾಡುವ ಹವ್ಯಾಸ ಒಂದು ರುಜುವಿನ ತೊಂದರೆಯನ್ನು ತಡೆದುಕೊಳ್ಳಲಾರದಷ್ಟು ನಾಜೂಕಿನದಾದರೆ ಅದನ್ನು ಬಿಟ್ಟರೂ ನಷ್ಟವಿಲ್ಲ.

ನನ್ನ ರಿವಾಲ್ವರ್ ಸ್ಮಿತ್ ಆ್ಯಂಡ್ ವೆಸನ್‌ನ ಹಳೆಯ ಮೂವತ್ತೆರಡು ಬೋರಿನದು. ಇದರ ತೋಟಾ ಹುಟ್ಟಿದ್ದು 1896ರಲ್ಲಿ. ಅದೇ ಕಾಲದಲ್ಲಿ ನ್ಯೂಯಾರ್ಕ್ ನಗರದ ಪೊಲೀಸ್ ಆಯುಕ್ತರಾಗಿದ್ದ, ಮುಂದೆ ದೇಶದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ತಮ್ಮ ಪೊಲೀಸರಿಗೆ ಕೊಡಿಸಿದ್ದೂ ಮೂವತ್ತೆರಡರ ಕೋಲ್ಟನ್ನೇ. ಈಗಿನ ಅಮೆರಿಕನ್ನರು ಇದನ್ನು ಅಜ್ಜಿಯ ಕೈಚೀಲದ ಸಾಮಾನೆಂದು ನಗುತ್ತಾರೆ. ಭಾರತದಲ್ಲಿ ಇದಕ್ಕೆ ಇನ್ನೂ ಮರ್ಯಾದೆಯಿದೆ. ಸೈನ್ಯದ ಅಳತೆಗಳನ್ನು ನಾಗರಿಕರಿಗೆ ಕೊಡದಿರುವುದರಿಂದ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡುವ ರಿವಾಲ್ವರ್ ಮೂವತ್ತೆರಡು ಬೋರಿನದು. 2014ರಲ್ಲಿ ಮಹಿಳೆಯರಿಗೆಂದು ಬಿಟ್ಟ ‘ನಿರ್ಭೀಕ್’ ಕೂಡ ಅದೇ. ಯುರೋಪಿನ ಗುರಿಕಾರರಂತೂ 25 ಮೀಟರ್ ಸ್ಪರ್ಧೆಗಳಲ್ಲಿ ದಶಕಗಳಿಂದ ಇದನ್ನೇ ನೆಚ್ಚಿದ್ದಾರೆ. ಸದ್ದು ಕಡಿಮೆ, ಒದೆತ ಕಡಿಮೆ, ಸೀಸವೂ ಕಡಿಮೆ. ಒಂದು ಪೌಂಡ್ ಸೀಸದಲ್ಲಿ ನಲವತ್ತೈದರ 230 ಗ್ರೇನ್ ಗುಂಡು ಮೂವತ್ತಾದರೆ, ಮೂವತ್ತೆರಡರ 100 ಗ್ರೇನ್ ಗುಂಡು ಎಪ್ಪತ್ತಾಗುತ್ತದೆ. ಜಿಪುಣನಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ಸಿಕ್ಕದು. ಉಳಿಸಿದ ದುಡ್ಡೆಲ್ಲ ಅಚ್ಚಿಗೆ ಹೋಗುತ್ತದೆ ಎಂಬುದು ಬೇರೆ ಮಾತು.

ಹೊಸಬರು ಅಚ್ಚು ಹುಡುಕಲು ಕ್ಯಾಟಲಾಗ್ ತೆರೆಯುತ್ತಾರೆ. ತೆರೆಯಬೇಕಾದ್ದು ಸ್ವಂತ ರಿವಾಲ್ವರಿನ ನಳಿಗೆ. ಮೆತ್ತನೆಯ ಶುದ್ಧ ಸೀಸದ ತುಂಡೊಂದಕ್ಕೆ ಎಣ್ಣೆ ಸವರಿ, ಖಾಲಿ ನಳಿಗೆಯೊಳಗೆ ಮೆಲ್ಲಗೆ ತಟ್ಟುತ್ತ ಆಚೆ ದಾಟಿಸಬೇಕು. ಒಳಗಿನ ಸುರುಳಿ ತೋಡುಗಳ ಗುರುತು ಮೈಮೇಲೆಲ್ಲ ಬಿದ್ದು ಅದು ಹೊರಬರುತ್ತದೆ. ಅದನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಆಯಿತು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಸ್ಮಿತ್ ರಿವಾಲ್ವರಿಗೆ ಐದು ತೋಡು. ಕೋಲ್ಟಿಗಾದರೆ ಆರು, ತೋಡಿನ ಎದುರಿಗೆ ತೋಡೇ ಇರುತ್ತದೆ. ಐದಾದಾಗ ತೋಡಿನ ಎದುರಿಗೆ ದಿಣ್ಣೆ ಬಂದು ಸಾಮಾನ್ಯ ಮೈಕ್ರೋಮೀಟರು ಸುಳ್ಳು ಹೇಳುತ್ತದೆ. ಅದಕ್ಕೆಂದೇ ಮೂರು ಕಡೆ ಮುಟ್ಟುವ ಬೇರೆ ಮೈಕ್ರೋಮೀಟರಿದೆ. ಅದೂ ನನ್ನ ಕಪಾಟಿನಲ್ಲಿದೆ, ಹೆಂಡತಿಗೆ ಅದರ ಬೆಲೆ ಗೊತ್ತಿಲ್ಲ.

ಇಷ್ಟೆಲ್ಲ ಒದ್ದಾಟ ಅಂಗುಲದ ಸಾವಿರದಲ್ಲೊಂದು ಭಾಗಕ್ಕಾಗಿ. ಗುಂಡು ತೋಡಿನ ಅಳತೆಗಿಂತ ಅಷ್ಟೇ ಅಷ್ಟು ದಪ್ಪ ಇರಬೇಕು. ಸಣಕಲಾದರೆ ಉರಿಯುವ ಮದ್ದಿನ ಬಿಸಿ ಗಾಳಿ ಗುಂಡಿನ ಪಕ್ಕದಿಂದ ನುಸುಳಿ, ಸೀಸವನ್ನು ಕೊರೆದು ನಳಿಗೆಯ ಒಳಗೋಡೆಗೆ ಬಳಿಯುತ್ತದೆ. ಆಮೇಲೆ ಗುರಿ ಎಲ್ಲೋ ಗುಂಡು ಎಲ್ಲೋ. ಸಂಜೆಯೆಲ್ಲ ನಳಿಗೆ ಉಜ್ಜುವ ಕೆಲಸ. ದಪ್ಪ ಗುಂಡನ್ನು ಉಕ್ಕಿನ ಬಳೆಯೊಳಗೆ ತೂರಿಸಿ ಸಣ್ಣದು ಮಾಡಬಹುದು, ಸಣ್ಣದನ್ನು ದಪ್ಪ ಮಾಡುವುದು ಕಷ್ಟ. ಈಗಿನವರು ಕೆಂಪು, ನೀಲಿ, ಹಸಿರು ಪೌಡರ್ ಕೋಟಿಂಗ್ ಕೊಟ್ಟು ತುಸು ದಪ್ಪ ಮಾಡಿಕೊಳ್ಳುತ್ತಾರೆ. ಕೆಲಸಕ್ಕೆ ಅದು ಒಳ್ಳೆಯದೇ, ನನ್ನ ಕಣ್ಣಿಗೆ ಹಿಡಿಸದು. ಗುಂಡು ಸೀಸದ ಬಣ್ಣದಲ್ಲೇ ಇರಬೇಕು, ಅದರ ಸುತ್ತಲಿನ ಗೀರಿನಲ್ಲಿ ಸಲೀಸಾಗಿ ಜಾರಲೆಂದು ತುಂಬಿದ ಜೇನುಮೇಣದ ವಾಸನೆಯಿರಬೇಕು.

ಅಳತೆ ಕೈಯಲ್ಲಿ ಹಿಡಿದು ಕ್ಯಾಟಲಾಗಿಗೆ ಬಂದರೆ ಅಲ್ಲಿ ಅಂಕಿಗಳ ಇನ್ನೊಂದು ಕಾಡು. ಲೈಮನ್ ಅಚ್ಚಿನ ಮೊದಲ ಮೂರು ಅಂಕಿ ಗುಂಡಿನ ಅಡ್ಡಳತೆ, ಉಳಿದದ್ದು ಮಾದರಿಯ ಸಂಖ್ಯೆ. ಐಡಹೊ ರಾಜ್ಯದ ದನಗಾಹಿ ಹಾಗೂ ಬರಹಗಾರ ಎಲ್ಮರ್ ಕೀತ್ ರೂಪಿಸಿದ ನಲವತ್ನಾಲ್ಕರ ಗುಂಡು 429421 ಎಂದರೆ ಇಲ್ಲಿ ಹೆಸರೇ ಬೇಡ, ಅಂಕಿ ಹೇಳಿದರೆ ಸಾಕು, ಮುದುಕರ ಕಣ್ಣು ಹೊಳೆಯುತ್ತದೆ. ವಿಸ್ಕಾನ್ಸಿನ್‌ನ ಲೀ ಕಂಪನಿ ಅಕ್ಷರವನ್ನೂ ಸೇರಿಸುತ್ತದೆ: ‘ಟಿಎಲ್ 314-90-ಎಸ್‌ಡಬ್ಲ್ಯುಸಿ’. ಅಂದರೆ ಗುಂಡನ್ನು ಉರುಳಾಡಿಸಿ ಮೇಣ ಹಚ್ಚುವ ಸಣ್ಣ ಗೀರುಗಳ ಮಾದರಿ, ಅಡ್ಡಳತೆ 0.314 ಅಂಗುಲ, ತೂಕ 90 ಗ್ರೇನ್, ಅರೆ ಚಪ್ಪಟೆ ಮೂತಿ. ಅಂಕಿಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಅಚ್ಚಿನ ಮೇಲೆ ಬರೆದ ಅಳತೆ ಒಂದು ಬಗೆಯ ಮಿಶ್ರಲೋಹಕ್ಕೆ ಮಾತ್ರ ನಿಜ. ಆಂಟಿಮನಿ ಹೆಚ್ಚಿದ್ದಷ್ಟೂ ಲೋಹ ಆರುವಾಗ ಕುಗ್ಗುವುದು ಕಡಿಮೆ. ಅದೇ ಗುಳಿಯಿಂದ ಗಟ್ಟಿ ಮಿಶ್ರಣದ ಗುಂಡು ದಪ್ಪಗೂ ಹಗುರಾಗಿಯೂ ಬೀಳುತ್ತದೆ, ಮೆತ್ತನೆಯದು ಸಣ್ಣಗೂ ಭಾರವಾಗಿಯೂ. ಅಚ್ಚು ಆರಿಸುವವನು ಸೀಸವನ್ನೂ ಆರಿಸಿಕೊಂಡೇ ಹೊರಡಬೇಕು.

ಸೀಸದ ವಿಷಯದಲ್ಲಿ ನಮ್ಮದು ಗುಜರಿಯ ಬದುಕು. ಹಿಂದೆ ಕಾರಿನ ಚಕ್ರಕ್ಕೆ ಸಮತೂಕಕ್ಕೆಂದು ಕಚ್ಚಿಸುವ ಸೀಸದ ತುಂಡುಗಳು ಟೈರ್ ಅಂಗಡಿಗಳಲ್ಲಿ ಬಕೆಟ್ಟುಗಟ್ಟಲೆ ಸಿಗುತ್ತಿದ್ದವು. ಈಗ ಅವುಗಳಲ್ಲಿ ಸತು, ಉಕ್ಕು ಸೇರಿಕೊಂಡಿವೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು 419ಕ್ಕೆ. ಉರಿ ಜೋರಾಗಿ ಸತು ಕರಗಿಬಿಟ್ಟರೆ ಇಡೀ ಪಾತ್ರೆ ಗಂಜಿಗಟ್ಟುತ್ತದೆ. ಎಲ್ಲಕ್ಕಿಂತ ಬೆಲೆಬಾಳುವುದು ಲೈನೊಟೈಪ್ ಲೋಹ: ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮೆರ್ಗೆನ್‌ಥೇಲರ್ ಎಂಬಾತನ ಲೈನೊಟೈಪ್ ಯಂತ್ರ ಸಾಲುಸಾಲೇ ಅಕ್ಷರ ಎರಕ ಹೊಯ್ಯಲು ಶುರು ಮಾಡಿತು. 1978ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದಕ್ಕೆ ವಿದಾಯ ಹೇಳಿತು. ಮುದ್ರಣಾಲಯಗಳು ಕಳಚಿಕೊಂಡ ಆ ಲೋಹ ಗುಂಡು ಹೊಯ್ಯುವವರ ಕೊಟ್ಟಿಗೆ ಸೇರಿತು. ನನ್ನಲ್ಲೂ ಒಂದಿಷ್ಟು ಸಾಲುಗಳಿವೆ. ಮದುವೆಯ ಜಾಹೀರಾತು, ಹಸು ಮಾರಾಟ, ಚರ್ಚಿನ ಊಟದ ಪ್ರಕಟಣೆ, ಎಲ್ಲ ತಿರುಗುಮುರುಗು ಅಕ್ಷರಗಳಲ್ಲಿ. ಕರಗಿಸುವ ಮುಂಚೆ ಕನ್ನಡಿ ಹಿಡಿದು ಓದುತ್ತೇನೆ. ಕೆಲವನ್ನು ಕರಗಿಸಲು ಮನಸ್ಸಾಗದೆ ಬದಿಗಿಡುತ್ತೇನೆ.

ಇನ್ನು ಅಚ್ಚಿನ ಮೈ. ಕಬ್ಬಿಣ, ಅಲ್ಯುಮಿನಿಯಂ, ಹಿತ್ತಾಳೆ ಎಂಬ ಮೂರು ಮತಗಳಿವೆ, ಒಂದು ಮತದವರು ಇನ್ನೊಂದು ಮತದವರ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಕಬ್ಬಿಣ ಕಾಯಲು ಹೊತ್ತು ಬೇಕು, ಕಾದರೆ ಕಾವು ಹಿಡಿದಿಡುತ್ತದೆ, ಎಣ್ಣೆ ಸವರಿಡದಿದ್ದರೆ ತುಕ್ಕು. ಅಲ್ಯುಮಿನಿಯಂ ಹಗುರ, ಅಗ್ಗ, ಬೇಗ ಕಾದು ಬೇಗ ಆರುತ್ತದೆ, ಒರಟು ಕೈಗೆ ಬೇಗ ಸವೆಯುತ್ತದೆ. ಹಿತ್ತಾಳೆ ಭಾರ, ದುಬಾರಿ, ನೋಡಲು ಚಂದ. ಮತ ಯಾವುದಾದರೂ ಸರಿ, ಪಡ್ಡಿನ ಹಂಚಿನ ನ್ಯಾಯ ಎಲ್ಲಕ್ಕೂ ಒಂದೇ: ಹಂಚು ಕಾಯುವ ತನಕ ಬಿದ್ದದ್ದೆಲ್ಲ ಸುಕ್ಕು. ತಣ್ಣಗಿದ್ದರೆ ಗುಂಡಿನ ಮೈ ನೆರಿಗೆಗಟ್ಟುತ್ತದೆ. ಅತಿಯಾಗಿ ಕಾದರೆ ಮಂಜು ಬಿದ್ದಂತೆ ಮಬ್ಬಾಗುತ್ತದೆ. ಹದಕ್ಕೆ ಬಂದಾಗ ಅಂಚು ಚೂಪಾಗಿ, ಬೆಳ್ಳಿಯ ಹೊಳಪಿನಲ್ಲಿ ಬೀಳುತ್ತದೆ.

ಸಣ್ಣ ಗುಂಡಿನ ತಕರಾರು ಇಲ್ಲೇ ಇರುವುದು. ನಲವತ್ತೈದರ ಅಚ್ಚಿಗೆ ಒಂದು ಸಲಕ್ಕೆ ಹೊಯ್ಯುವ ಸೀಸವೇ ಅದನ್ನು ಕಾಯಿಸಿಡುತ್ತದೆ, ನಿಲ್ಲಿಸಿ ಆರಿಸಬೇಕಾದೀತು. ಮೂವತ್ತೆರಡರ ಗುಳಿಗೆ ಹೋಗುವುದು ಆರೂವರೆ ಗ್ರಾಂ. ಅಷ್ಟೇ ದೊಡ್ಡ ಲೋಹದ ಗಟ್ಟಿಗೆ ಅಷ್ಟು ಸೀಸದ ಕಾವು ಯಾವ ಮೂಲೆಗೆ? ಒಂದು ಗುಳಿಯ ಅಚ್ಚು ಹಿಡಿದು ಎರಡು ಕ್ಷಣ ಆಕಳಿಸಿದರೆ ತಣ್ಣಗಾಯಿತು. ಇಪ್ಪತ್ತೈದರ 50 ಗ್ರೇನ್ ಗುಂಡಿನಲ್ಲಂತೂ ಇದು ಇನ್ನೂ ಕೆಟ್ಟದ್ದು. ಅದಕ್ಕೇ ಸಣ್ಣ ಗುಂಡಿಗೆ ಹೆಚ್ಚು ಗುಳಿಗಳ ಅಚ್ಚು ಬೇಕೆನ್ನುವವನು ನಾನು. ಅವಸರದ ಮಾತಲ್ಲ ಇದು, ಕಾವಿನ ಮಾತು. ನಾಲ್ಕು ಗುಳಿ ತುಂಬಿದರೆ ನಾಲ್ಕರಷ್ಟು ಕಾವು ಒಳಗೆ ಬರುತ್ತದೆ. ಹಾಗೆಂದು ಹತ್ತಕ್ಕೆ ಹೋಗಬೇಡಿ. ಹೆನ್ಸ್‌ಲಿ ಆ್ಯಂಡ್ ಗಿಬ್ಸ್ ಕಂಪನಿಯವರು ಹತ್ತು ಗುಳಿಯ ಅಚ್ಚನ್ನೂ ಮಾಡಿದ್ದರು. ಅದನ್ನೆತ್ತಿ ಸಂಜೆಯ ತನಕ ಹೊಯ್ಯಲು ಪೈಲ್ವಾನರ ಮಣಿಕಟ್ಟು ಬೇಕು.

ಮೂತಿಯ ಆಯ್ಕೆಯಲ್ಲಿ ನನಗೆ ಗೊಂದಲವಿಲ್ಲ. ಉರುಟು ಮೂತಿ ಸ್ವಯಂಚಾಲಿತ ಪಿಸ್ತೂಲಿನ ಗಂಟಲಿಗೆ ಸಲೀಸು. ರಿವಾಲ್ವರಿಗೆ ಆ ಹಂಗಿಲ್ಲ. ಪೂರ್ತಿ ಚಪ್ಪಟೆಯಾದ ವಾಡ್‌ಕಟರ್ ಕಾಗದದಲ್ಲಿ ಕತ್ತರಿಸಿ ತೆಗೆದಂಥ ದುಂಡು ತೂತು ಮಾಡುತ್ತದೆ. ಉರುಟು ಗುಂಡಿನ ತೂತು ಹರಕು, ಅಂಕ ಎಣಿಸುವಾಗ ಗೆರೆ ಮುಟ್ಟಿತೋ ಇಲ್ಲವೋ ಎಂದು ಜಗಳ. ಗುಂಡಿನ ತಳವೂ ಸಪಾಟಾಗಿರಬೇಕು. ಕೆಲವು ಅಚ್ಚುಗಳಲ್ಲಿ ತಳದ ಅಂಚನ್ನು ಓರೆ ಕೊರೆದಿರುತ್ತಾರೆ, ಗುಂಡು ಸುಲಭವಾಗಿ ಕಳಚಲೆಂದು. ನನಗೆ ಬೇಡ. ಗುಂಡನ್ನು ನೇರ ಕಳಿಸುವುದು ಮೂತಿಯಲ್ಲ, ತಳ. ಹೊಯ್ದ ಗುಂಡುಗಳನ್ನು ಆರಿಸುವಾಗ ನಾನು ಮೊದಲು ನೋಡುವುದೂ ಅದನ್ನೇ, ತಳದ ಅಂಚು ಎಲ್ಲಾದರೂ ಮುಕ್ಕಾಗಿದ್ದರೆ ಮತ್ತೆ ಪಾತ್ರೆಗೆ. ಸೀಸಕ್ಕೆ ಪುನರ್ಜನ್ಮ ಸುಲಭ.

ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಅದು ಆವಿಯಾಗಿ ಸಿಡಿದು ಪಾತ್ರೆಯನ್ನೇ ಚೆಲ್ಲುತ್ತದೆ. ಕನ್ನಡಕ, ಚರ್ಮದ ಕೈಗವಸು, ಮುಚ್ಚಿದ ಬೂಟು ಇಲ್ಲದೆ ಹತ್ತಿರ ಸುಳಿಯಬಾರದು. ಬಾಗಿಲು ತೆರೆದಿರಬೇಕು, ಫ್ಯಾನು ತಿರುಗುತ್ತಿರಬೇಕು. ಮೇಲೆ ಕಟ್ಟುವ ಬೂದಿಯಂಥ ಕಸವೇ ಹೊಗೆಗಿಂತ ದೊಡ್ಡ ಶತ್ರು, ಅದರ ಧೂಳು ಕೈಯಿಂದ ಬಾಯಿಗೆ ಹೋಗುತ್ತದೆ. ಹಾಗಾಗಿ ಕಾಫಿ ಲೋಟ ಗ್ಯಾರೇಜಿನ ಹೊಸಿಲು ದಾಟುವಂತಿಲ್ಲ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ. ಮಕ್ಕಳು ಒಳಗೆ ಬರುವಂತಿಲ್ಲ. ವೋಲ್ಕಾಟನ ಕಾಲ ಮುಗಿಯಿತು.

ಈಗ ಮೇಜಿನ ಮೇಲೆ ಇಬ್ಬರು ಉಮೇದುವಾರರಿದ್ದಾರೆ. ಒಂದು ಲೀ ಕಂಪನಿಯ ಆರು ಗುಳಿಯ ಅಲ್ಯುಮಿನಿಯಂ: ಹಗುರ, ಅಗ್ಗ, ಅಂಗಡಿಯಲ್ಲಿ ಸಿಗುವಂಥದ್ದು. ಇನ್ನೊಂದು ಸ್ಲೊವೇನಿಯಾದ ಎಂಪಿ ಮೋಲ್ಡ್ಸ್‌ನ ನಾಲ್ಕು ಗುಳಿಯ ಹಿತ್ತಾಳೆ ವಾಡ್‌ಕಟರ್, ಸದ್ಯಕ್ಕೆ ಬರೀ ಚಿತ್ರ. ಕಾವಿನ ಲೆಕ್ಕ, ಕಡೆದ ಕೆಲಸದ ನುಣುಪು, ಎರಡರಲ್ಲೂ ಹಿತ್ತಾಳೆಯೇ ಮುಂದೆ. ಕ್ಲಬ್ಬಿನ ಹಿರಿಯರೊಬ್ಬರು ತಮ್ಮಲ್ಲಿದ್ದ ಅಂಥದ್ದೊಂದನ್ನು ಒಮ್ಮೆ ನನ್ನ ಕೈಗೆ ಕೊಟ್ಟಿದ್ದರು. ಎರಡು ಹೋಳು ಕೂಡಿದಾಗ ನಡುವಿನ ಗೆರೆ ಬೆಳಕಿಗೆ ಹಿಡಿದರೂ ಕಾಣಲಿಲ್ಲ. ಅಲ್ಯುಮಿನಿಯಂ ಅಚ್ಚನ್ನು ಮಾರಿಬಿಡಿ ಎಂದು ಹೆಂಡತಿಯ ಸಲಹೆ. ಹಿತ್ತಾಳೆಯ ಅಚ್ಚು ಬಂದು, ಅದರಿಂದ ಬಿದ್ದ ಗುಂಡನ್ನು ಅಳೆದು, ನಳಿಗೆಗೆ ಒಪ್ಪಿತೆಂದು ಗೊತ್ತಾಗುವ ತನಕ ಅಲ್ಯುಮಿನಿಯಂ ಇರಲಿ ಎಂದಿದ್ದೇನೆ. ಒಪ್ಪಿದ ಮೇಲೆ ಮಾರುತ್ತೇನೆಂದು ಮಾತು ಕೊಟ್ಟಿಲ್ಲ.