ಬಂಡೆಯ ಮೇಲಿನ ಗೋಣಿತಟ್ಟು

ಮಾರ್ಚ್ 4, ಮಂಗಳವಾರ

ಭಾನುವಾರ ಸ್ತ್ರೀಯರ ಕೂಟದಲ್ಲಿ ನಾನೇ ಮಾತಾಡಬೇಕಂತೆ. ವಿಷಯ ನಂಬಿಗಸ್ತಿಕೆ. ಎಲ್ಲರೂ ರೂತಳ ಕಥೆಗೇ ಕಾದಿರುತ್ತಾರೆ. ಅತ್ತೆ ನೊವೊಮಿಯ ಕೈಬಿಡದೆ ಮೋವಾಬಿನಿಂದ ಹೊರಟು, ಜವೆಗೋದಿಯ ಕೊಯ್ಲು ಶುರುವಾಗುವ ಹೊತ್ತಿಗೆ ಬೇತ್ಲೆಹೇಮ್ ಸೇರಿದವಳು. ನನಗೂ ಅವಳೆಂದರೆ ಪ್ರೀತಿ. ಆದರೆ ಇನ್ನೊಂದು ವರ್ಷದ ಜವೆಗೋದಿ ಕೊಯ್ಲಿನಲ್ಲಿ ಮತ್ತೊಬ್ಬಳು ಬಂಡೆಯ ಮೇಲೆ ಕೂತಳು. ಅವಳ ಬಗ್ಗೆ ಪ್ರಸಂಗ ಮಾಡಿದ್ದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ರಿಚ್ಪ.

ಮಾರ್ಚ್ 5, ಬುಧವಾರ ರಾತ್ರಿ

ಸತ್ಯವೇದದ ಎರಡನೇ ಸಮುವೇಲ 21ನೇ ಅಧ್ಯಾಯ ಓದಿದೆ. ಅರಸ ದಾವೀದನ ಕಾಲದಲ್ಲಿ 3 ವರ್ಷ ಬರ. ಹಿಂದಿನ ಅರಸ ಸೌಲ ಗಿಬ್ಯೋನ್ಯರನ್ನು ಕೊಲ್ಲಿಸಿದ್ದೇ ಕಾರಣವೆಂದು ತಿಳಿಯುತ್ತದೆ. ಅವರು ಸೌಲನ ವಂಶದ 7 ಮಂದಿಯನ್ನು ಕೇಳುತ್ತಾರೆ, ಅರಸ ಒಪ್ಪಿಸಿಬಿಡುತ್ತಾನೆ. ಅದರಲ್ಲಿ ಅರ್ಮೋನಿ, ಮೆಫೀಬೋಶೆತ್ ಇಬ್ಬರೂ ಸೌಲನ ಉಪಪತ್ನಿ ರಿಚ್ಪಳ ಮಕ್ಕಳು. (ಸೌಲನ ಮಗ ಯೋನಾತಾನನಿಗೆ ಹುಟ್ಟಿದ ಮೆಫೀಬೋಶೆತ್ ಬೇರೆ. ಅವನನ್ನು ದಾವೀದ ಉಳಿಸಿಕೊಂಡ.) ಮಿಕ್ಕ ಐವರು ಸೌಲನ ಮೊಮ್ಮಕ್ಕಳು.

ತೂಗುಹಾಕಿದವನ ಹೆಣವನ್ನು ಅದೇ ದಿನ ಹೂಣಿಡಬೇಕೆಂದು ಧರ್ಮೋಪದೇಶಕಾಂಡದಲ್ಲಿದೆ. ಗಿಬ್ಯೋನ್ಯರು ತೂಗುಹಾಕಿದ ಈ ಏಳು ಮಂದಿಯನ್ನು ಯಾರೂ ಮಣ್ಣು ಮಾಡಲಿಲ್ಲ. ರಿಚ್ಪ ಬಂಡೆಯ ಮೇಲೆ ಗೋಣಿತಟ್ಟು ಹಾಸಿ ಕೂತಳು. ಹಗಲು ಹಕ್ಕಿಗಳನ್ನು, ರಾತ್ರಿ ಕಾಡುಮೃಗಗಳನ್ನು ಹತ್ತಿರ ಸುಳಿಯಗೊಡಲಿಲ್ಲ. ಮಳೆ ಬೀಳುವ ತನಕ. ಆ ಸೀಮೆಯಲ್ಲಿ ಜವೆಗೋದಿ ಕೊಯ್ಲು ಏಪ್ರಿಲ್ ಸುಮಾರಿಗೆ, ಮಳೆಗಾಲ ಶುರುವಾಗುವುದು ಅಕ್ಟೋಬರಿನಲ್ಲಿ. ಅಕಾಲ ಮಳೆ ಬಂದಿರದಿದ್ದರೆ ಆರು ತಿಂಗಳು!

ಐದು ಹೆಣ ಅವಳ ಮಕ್ಕಳದ್ದಲ್ಲ. ಅವನ್ನೂ ಕಾದಳು.

ಮಾರ್ಚ್ 7, ಶುಕ್ರವಾರ

ನಿನ್ನೆ ನಿದ್ದೆ ಬರಲಿಲ್ಲ. ಅಣ್ಣ ಗಲ್ಫಿನಲ್ಲಿ ತೀರಿಹೋದಾಗ ಪೆಟ್ಟಿಗೆ ಊರು ಮುಟ್ಟಲು ಹನ್ನೊಂದು ದಿನ ಹಿಡಿಯಿತು. ದಿನಕ್ಕೊಂದು ಕಾಗದ, ದಿನಕ್ಕೊಂದು ಸಹಿ. ಅಮ್ಮ ಜಗಲಿ ಬಿಟ್ಟು ಏಳಲಿಲ್ಲ. ಗಂಜಿಯನ್ನೂ ಅಲ್ಲೇ ತಂದುಕೊಡುತ್ತಿದ್ದೆ. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. "ಒಳಗೆ ಬನ್ನಿ ಅಮ್ಮ" ಅಂದರೆ, "ಅವ ಬರ್ತಾನಲ್ಲ, ಬಾಗಿಲಲ್ಲಿ ಯಾರಾದರೂ ಇರ್ಬೇಕು" ಅಂದರು, ಅಷ್ಟೇ.

ರಿಚ್ಪ ಅಷ್ಟೂ ಆಡಿದವಳಲ್ಲ. ಸತ್ಯವೇದದಲ್ಲಿ ಅವಳ ಬಾಯಿಂದ ಬಂದ ಒಂದು ಮಾತೂ ಇಲ್ಲ. ರೂತಳಿಗೆ ಮಾತಿತ್ತು, ಮುಂದೆ ಗಂಡ ಬೋವಜನ ಮನೆಯಿತ್ತು, ಮಡಿಲಲ್ಲಿ ಮಗ ಓಬೇದನಿದ್ದ. ಇವಳಿಗೆ ಏನೂ ಸಿಕ್ಕುವಂತಿರಲಿಲ್ಲ. ಹಾಗಿದ್ದೂ ಅವಳ ಸುದ್ದಿ ಅರಸನ ಕಿವಿಗೆ ಬಿತ್ತು. ದಾವೀದ ಯಾಬೇಷ್ ಗಿಲ್ಯಾದಿಗೆ ಹೋಗಿ ಸೌಲ, ಯೋನಾತಾನರ ಎಲುಬುಗಳನ್ನು ತಂದ. ಈ ಏಳು ಮಂದಿಯ ಎಲುಬುಗಳನ್ನೂ ಆರಿಸಿದರು. ಸೌಲನ ತಂದೆ ಕೀಷನ ಸಮಾಧಿಯಲ್ಲಿ ಹೂಣಿಟ್ಟರು. ದೇವರು ದೇಶದ ಮೊರೆ ಕೇಳಿದ್ದು ಅದಾದ ಮೇಲೆ. 14ನೇ ವಚನವನ್ನು ಮೂರು ಸಲ ಓದಿದೆ. ಏಳು ಜೀವ ತೆಗೆದ ದಿನ ಕೇಳಿದನೆಂದು ಅಲ್ಲಿ ಬರೆದಿಲ್ಲ. ನನ್ನ ಮಟ್ಟಿಗೆ, ಅರಸನಿಗೆ ಅವನ ಕರ್ತವ್ಯ ಕಲಿಸಿದವಳು ರಿಚ್ಪ.

ಮಾರ್ಚ್ 9, ಭಾನುವಾರ

ಮಾತಾಡಿದೆ. ಅಮ್ಮನ ವಿಷಯ ಹೇಳಲು ಆಗಲಿಲ್ಲ, ಗಂಟಲು ಕಟ್ಟಿತು. ರಿಚ್ಪಳದ್ದು ಪೂರ್ತಿ ಹೇಳಿದೆ. ಕೂಟ ಮುಗಿದ ಮೇಲೆ ಕೊನೆಯ ಬೆಂಚಿನ ಅಜ್ಜಿಯೊಬ್ಬರು ಬಂದು ವಚನ ಯಾವುದೆಂದು ಕೇಳಿದರು. ಮಗನನ್ನು ಕಳೆದುಕೊಂಡವರು. ಅವರ ಸತ್ಯವೇದ ತೆಗೆದು, 10ನೇ ವಚನದ ಪಕ್ಕ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟೆ.