158 ಕೊಂಡಿಗಳು

ಎಂ4 ಶರ್ಮನ್ ಟ್ಯಾಂಕಿನ ಒಂದು ಪಕ್ಕದ ಪಟ್ಟಿಯಲ್ಲಿ 79 ಕೊಂಡಿಗಳು. ಎರಡೂ ಪಕ್ಕ ಸೇರಿ 158. ಕಳೆದ ವರ್ಷ ಆಗಸ್ಟಿನಿಂದ ಡಿಸೆಂಬರ್‌ವರೆಗೆ ನಮ್ಮ ನಾಲ್ವರ ಶನಿವಾರಗಳೆಲ್ಲ ಈ ಲೆಕ್ಕಕ್ಕೇ ಜಮಾ ಆದವು. "ಕ್ರಿಕೆಟ್‌ಗೂ ಬರಲ್ಲ, ಟ್ರೆಕ್ಕಿಂಗ್‌ಗೂ ಬರಲ್ಲ, ಎಲ್ಲಿಗೆ ಹೋಗ್ತೀರಪ್ಪಾ?" ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಿದವರಿಗೆ "ಸನ್ನಿವೇಲ್‌ನಲ್ಲಿ ಟ್ಯಾಂಕ್ ಮಾಡ್ತಿದ್ದೀವಿ" ಅಂದೆವು. ನೀರಿನ ಟ್ಯಾಂಕಾ, ಸೆಪ್ಟಿಕ್ ಟ್ಯಾಂಕಾ ಎಂದು ತಮಾಷೆ ಮಾಡಿದರು. ಯುದ್ಧದ ಟ್ಯಾಂಕು, ರಿಮೋಟ್‌ನಲ್ಲಿ ಓಡುವಂಥದ್ದು, ಎತ್ತಲು ಮೂವರು ಬೇಕು ಅಂದಮೇಲೆ ನಂಬದವರೇ ಹೆಚ್ಚು. ಅದಕ್ಕೇ ಈ ಬರಹ.

ನಾವು ನಾಲ್ವರು ಅಂದರೆ ಮೆಕ್ಯಾನಿಕಲ್ ಓದುತ್ತಿರುವ ದಾವಣಗೆರೆಯವನು, ಎಲೆಕ್ಟ್ರಿಕಲ್ಲಿನ ಉಡುಪಿಯವನು, ಕಂಪ್ಯೂಟರ್ ಸೈನ್ಸಿನ ಮೈಸೂರಿನವಳು, ಮತ್ತು ಇದ್ಯಾವುದಕ್ಕೂ ಸಂಬಂಧವಿಲ್ಲದ, ಸ್ಟ್ಯಾಟಿಸ್ಟಿಕ್ಸ್ ಓದುವ ಧಾರವಾಡದವಳು. ಜುಲೈನ ಕನ್ನಡಿಗರ ಪಿಕ್‌ನಿಕ್ಕಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ಬಂದು ಕೇಳಿದ ಮೊದಲ ಮಾತೇ ವಿಚಿತ್ರ: "ನಿಮ್ಮಲ್ಲಿ ಯಾರಿಗೆ ಕೈ ನಡುಗಲ್ಲ, ಹೇಳ್ರಯ್ಯಾ?"

ಅವರು ಬೆಂಗಳೂರಿನ ಎಚ್‌ಎಂಟಿಯಲ್ಲಿ ಲೇಥ್ ಕೆಲಸ ಕಲಿತು, ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದವರು. ಸಿಲಿಕಾನ್ ಕಣಿವೆ ಅಂದರೆ ಸಾಫ್ಟ್‌ವೇರ್ ಎಂದುಕೊಂಡ ನಮಗೆ, ಚಿಪ್ ಮಾಡುವ ಯಂತ್ರಗಳ ಬಿಡಿಭಾಗಗಳನ್ನು ಲೇಥಿನಲ್ಲಿ ಕಡೆದು ಕೊಡುತ್ತಿದ್ದ ಕನ್ನಡಿಗರೂ ಇಲ್ಲಿದ್ದರು ಎಂಬುದೇ ಹೊಸ ಸುದ್ದಿ. ಎಚ್‌ಎಂಟಿ ಅಂದ ಕೂಡಲೇ ಎಲ್ಲರೂ ವಾಚಿನ ಬಗ್ಗೆ ಕೇಳುತ್ತಾರೆ ಎಂದು ಅವರಿಗೆ ಸಿಟ್ಟು. "ವಾಚು 1961ರಲ್ಲಿ ಶುರುವಾಗಿದ್ದು ಕಣಯ್ಯ. ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಮೆಷಿನ್ ಟೂಲ್‌ಗೋಸ್ಕರ. ಹೆಸರಲ್ಲೇ ಇದೆಯಲ್ಲ!" ಇಷ್ಟು ಬೈಸಿಕೊಂಡ ಮೇಲೆ ನಾವು ಅವರನ್ನು ಎಚ್‌ಎಂಟಿ ಅಂಕಲ್ ಎಂದೇ ಕರೆಯತೊಡಗಿದೆವು.

ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಒಂದು ಚಿಕ್ಕ ಲೇಥು, ಒಂದು ಮಿಲ್ಲಿಂಗ್ ಯಂತ್ರ, ಗೋಡೆಗೆ ಸಾಲಾಗಿ ಅರಗಳು. ನಡುವೆ ಮೇಜಿನ ಮೇಲೆ ಆರನೇ ಒಂದು ಅಳತೆಯ ಶರ್ಮನ್. ನಿಜವಾದದ್ದು ಐದೂಮುಕ್ಕಾಲು ಮೀಟರಿಗಿಂತ ತುಸು ಉದ್ದ, ಇದು ಮೀಟರಿಗೆ ಸ್ವಲ್ಪ ಕಡಿಮೆ. ಒಂದಡಿಗೆ ಎರಡಿಂಚು ಅಂತ ಲೆಕ್ಕ, ಹಾಗಾಗಿ ಪಾದ-ಇಂಚಿನ ಹಳೆಯ ನಕ್ಷೆಗಳಿಂದ ಇಳಿಸುವುದು ಸುಲಭ. ಒಡಲು, ಟರೆಟ್ಟು, ಚಕ್ರಗಳು, ಸ್ಪ್ರಿಂಗು ಎಲ್ಲ ಒಂಬತ್ತು ವರ್ಷಗಳಲ್ಲಿ ಒಬ್ಬರೇ ಮಾಡಿದ್ದು. ಪಟ್ಟಿ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಕೈ ನಡುಕ ಶುರುವಾಗಿತ್ತು. ಮೂರು ಮಿಲಿಮೀಟರಿನ ಪಿನ್ನನ್ನು ಮೂರು ಮಿಲಿಮೀಟರಿನ ತೂತಿಗೆ ಹಿಡಿಯಲು ಆಗುತ್ತಿರಲಿಲ್ಲ. ಡಿಸೆಂಬರಿಗೆ ಮನೆ ಮಾರಿ ಆಸ್ಟಿನ್‌ನಲ್ಲಿರುವ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಗ್ಯಾರೇಜಿನಲ್ಲಿ ಲೇಥಿಗೆ ಜಾಗವಿಲ್ಲ. "ಓಡೋ ಟ್ಯಾಂಕ್ ಆದ್ರೆ ತಗೊಂಡು ಹೋಗ್ತೀನಿ. ಓಡದೇ ಇದ್ರೆ ಗುಜರಿಗೆ ಹಾಕಿ ಹೋಗ್ತೀನಿ" ಅಂದರು. ಹೇಳಿದ ರೀತಿ ನೋಡಿದರೆ ಬರೀ ಮಾತಿಗೆ ಹೇಳಿದ್ದಲ್ಲ.

ಟ್ಯಾಂಕು ಅಂದರೆ ಎಲ್ಲರ ಕಣ್ಣು ಹೋಗುವುದು ಫಿರಂಗಿಯ ಕಡೆಗೆ. ಮಾಡುವವರಿಗೆ ಫಿರಂಗಿ ಏನೂ ಅಲ್ಲ, ಲೇಥಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ಪಟ್ಟಿಯೇ ಟ್ಯಾಂಕು. ಶರ್ಮನ್ ಕೊಂಡಿಯ ಅಂತರ ಆರು ಇಂಚು, ಆರನೇ ಒಂದಕ್ಕೆ ಇಳಿಸಿದರೆ ಸರಿಯಾಗಿ ಒಂದಿಂಚು, 25.4 ಮಿಲಿಮೀಟರ್. ಮುಂದಿನ ಹಲ್ಲುಚಕ್ರಕ್ಕೆ 13 ಹಲ್ಲು. ಒಂದು ಕೊಂಡಿಯಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆ ಆದರೆ ಕಣ್ಣಿಗೆ ಕಾಣುವುದಿಲ್ಲ. ಅದೇ 79 ಸಲ ಕೂಡಿದರೆ ಎಂಟು ಮಿಲಿಮೀಟರ್. ಪಟ್ಟಿ ಜೋಲುತ್ತದೆ, ಇಲ್ಲವೇ ಬಿಗಿದು ಮೋಟರು ನರಳುತ್ತದೆ. ಕೊಂಡಿಯ ಅಂತರಕ್ಕೂ ಹಲ್ಲಿನ ಅಂತರಕ್ಕೂ ಹೊಂದದಿದ್ದರೆ ಕೊಂಡಿ ಹಲ್ಲಿನ ಮೇಲೆ ಹತ್ತಿ, ತಿರುವಿನಲ್ಲಿ ಪಟ್ಟಿ ಕಳಚಿ ಬೀಳುತ್ತದೆ. ಧಾರವಾಡದವಳಿಗೆ ಈ ಕೆಲಸದಲ್ಲಿ ಆಸಕ್ತಿ ಹುಟ್ಟಿದ್ದೇ ಇಲ್ಲಿ. ಸಣ್ಣ ತಪ್ಪುಗಳು ಅತ್ತ ಇತ್ತ ಚೆದುರಿದರೆ ಒಂದನ್ನೊಂದು ಕಳೆಯುತ್ತವೆ, ಎಲ್ಲವೂ ಒಂದೇ ಕಡೆ ವಾಲಿದರೆ ಮಾತ್ರ ಕೂಡುತ್ತ ಹೋಗುತ್ತವೆ ಎಂದು ವಿವರಿಸಿದಳು. "ಅದನ್ನ ನಮ್ ಫೋರ್‌ಮನ್ ಎರಡೇ ಮಾತಲ್ಲಿ ಬೈದು ಹೇಳ್ತಿದ್ದ" ಅಂದರು ಅಂಕಲ್.

ನಾವು ಕೊಂಡಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದೆವು. ನಿಜವಾದ ಶರ್ಮನ್ ಕೊಂಡಿಗೆ ಎರಡೆರಡು ಪಿನ್ನು, ಅಕ್ಕಪಕ್ಕದ ಪಿನ್ನುಗಳನ್ನು ತುದಿಯಲ್ಲಿ ಹಿಡಿಯಲು ಬೇರೆಯೇ ಜೋಡಕ. ಅಂಕಲ್ ಅದನ್ನು ಸರಳ ಮಾಡಿ, ಬಾಗಿಲಿನ ತಿರುಗಣಿಯಂತೆ ಕೊಂಡಿಗೊಂದೇ ಪಿನ್ನು ಬರುವ ಹಾಗೆ ಕೈಯಲ್ಲಿ ನಕ್ಷೆ ಬರೆದಿಟ್ಟಿದ್ದರು. ಜೋಡಕಗಳು ನೋಡುವುದಕ್ಕೆ ಮಾತ್ರ. ಮೊದಲ 20 ಕೊಂಡಿಗಳನ್ನು ಪರೀಕ್ಷೆಗೆಂದೇ ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದೆವು. ಅಂಕಲ್ ಅವನ್ನು ಪೋಣಿಸಲು ಹೇಳಿ, ಗೋಡೆಯ ಮೊಳೆಗೆ ತೂಗುಹಾಕಿ, ಪಕ್ಕದಲ್ಲಿ ಉಕ್ಕಿನ ಟೇಪು ಹಿಡಿದರು. 508 ಮಿಲಿಮೀಟರ್ ಇರಬೇಕಾದದ್ದು ಮೂರೂವರೆ ಕಡಿಮೆ. ಎಬಿಎಸ್ ತಣ್ಣಗಾಗುವಾಗ ಕುಗ್ಗುತ್ತದೆ, ನೂರಕ್ಕೆ ಸುಮಾರು ಮುಕ್ಕಾಲು ಭಾಗ. ಅಷ್ಟನ್ನು ಮೊದಲೇ ಹಿಗ್ಗಿಸಿ ಮುದ್ರಿಸಬಹುದು, ನಿಜ. ಆದರೆ ಪ್ರಿಂಟರಿನ ಮೂಲೆಯಲ್ಲಿ ಆದ ಕೊಂಡಿ ಬೇರೆ, ನಡುವೆ ಆದ ಕೊಂಡಿ ಬೇರೆ.

ಮೈಸೂರಿನವಳು ಪ್ರತಿ ಜಾಗಕ್ಕೂ ಬೇರೆ ಬೇರೆ ತಿದ್ದುಪಡಿ ಹಾಕುವ ಪ್ರೋಗ್ರಾಂ ಬರೆಯಲು ಕೂತಳು. ಅಂಕಲ್ ನಕ್ಕು, "ಬರೀಮ್ಮ, ಬರೀ. ಅಷ್ಟರಲ್ಲಿ ನಾವೊಂದು ಜಿಗ್ ಮಾಡೋಣ" ಅಂದರು. ಜಿಗ್ ಅಂದರೆ ಕೆಲಸದ ತುಂಡನ್ನು ಪ್ರತಿ ಸಲ ಒಂದೇ ಕಡೆ ಕೂರಿಸಿ ಹಿಡಿಯುವ ಅಚ್ಚುಕಟ್ಟು. ಒಂದು ಉಕ್ಕಿನ ಹಲಗೆ, ಅದರಲ್ಲೊಂದು ನಿಲ್ಲಿಸಿದ ಪಿನ್ನು, ಅಲ್ಲಿಂದ ಸರಿಯಾಗಿ 25.4ರಲ್ಲಿ ಗಟ್ಟಿ ಮಾಡಿದ ಉಕ್ಕಿನ ಬುಷ್. ಕೊಂಡಿಯ ತೂತುಗಳನ್ನು ಬೇಕೆಂದೇ ಎರಡೂವರೆ ಮಿಲಿಮೀಟರಿಗೆ ಮುದ್ರಿಸುವುದು. ಮೊದಲ ತೂತಿಗೆ ರೀಮರ್ ಹಾಕಿ ಮೂರಕ್ಕೆ ಅಗಲಿಸಿ, ಅದನ್ನು ಜಿಗ್ಗಿನ ಪಿನ್ನಿಗೆ ಸಿಕ್ಕಿಸಿ, ಬುಷ್ಷಿನ ಮೂಲಕ ಎರಡನೇ ತೂತಿಗೆ ರೀಮರ್ ಇಳಿಸುವುದು. "ಮೈ ಹೇಗಾದ್ರೂ ಇರ್ಲಿ. ತೂತಿಂದ ತೂತಿಗೆ ಲೆಕ್ಕ ಸರಿ ಇರಬೇಕು, ಅಷ್ಟೇ." ಹೊರಮೈ ಕುಗ್ಗಿದರೂ ಉಬ್ಬಿದರೂ ಪಟ್ಟಿಯ ಉದ್ದಕ್ಕೆ ಏನೂ ಆಗುವುದಿಲ್ಲ! ನಾವು ತರಗತಿಯಲ್ಲಿ ಟಾಲರೆನ್ಸ್ ಎಂಬ ಅಧ್ಯಾಯ ಓದಿ ಪಾಸಾದವರೇ. ಎಲ್ಲಿ ಬಿಗಿ ಇರಬೇಕು, ಎಲ್ಲಿ ಸಡಿಲ ಬಿಟ್ಟರೂ ನಡೆಯುತ್ತದೆ ಎಂದು ಯಾರೂ ಹೀಗೆ ಹಲಗೆಯ ಮೇಲೆ ಇಟ್ಟು ತೋರಿಸಿರಲಿಲ್ಲ.

ಆ ಜಿಗ್ ಮಾಡಿದ ಶನಿವಾರ ಮಾತ್ರ ಮರೆಯುವಂಥದ್ದಲ್ಲ. ಮಿಲ್ಲಿಂಗ್ ಯಂತ್ರದ ಹಿಡಿ ದಾವಣಗೆರೆಯವನ ಕೈಯಲ್ಲಿ, ಅಂಕಲ್ ಪಕ್ಕದ ಸ್ಟೂಲಿನಲ್ಲಿ ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಕೂತಿದ್ದರು. ಕಣ್ಣು ಯಂತ್ರದ ಮೇಲೂ ಇರಲಿಲ್ಲ. ಸದ್ದು ಕೇಳುತ್ತಿದ್ದರು. "ನಿಧಾನ... ಅಳ್ತಾ ಇದೆ ನೋಡು, ಕಟ್ಟರ್ ಅಳ್ತಾ ಇದೆ. ಎಣ್ಣೆ ಬಿಡು." ನಮಗೆ ಯಾವ ಅಳುವೂ ಕೇಳಿಸಲಿಲ್ಲ. ಮೂರನೇ ಸಲಕ್ಕೆ ಕೇಳಿಸಿತು. ಮಧ್ಯಾಹ್ನಕ್ಕೆ ಅವರೇ ಮಾಡಿದ ಉಪ್ಪಿಟ್ಟು. ಬಾಣಲೆಯಲ್ಲಿ ಸೌಟು ತಿರುವುವಾಗ ನಡುಕ ಅಷ್ಟು ಕಾಣದು ಅಂದರು.

ಒಂದು ಕೊಂಡಿ ಮುದ್ರಿಸಲು ಒಂದೂಕಾಲು ಗಂಟೆ. 158ಕ್ಕೆ ಸುಮಾರು ಇನ್ನೂರು ಗಂಟೆ. ಯೂನಿವರ್ಸಿಟಿ ಲ್ಯಾಬಿನ ಪ್ರಿಂಟರುಗಳಲ್ಲಿ ರಾತ್ರಿ ಪಾಳಿ ಹಾಕಿಕೊಂಡೆವು. ಕೊಂಡಿಯನ್ನು ಮಲಗಿಸಿ ಮುದ್ರಿಸಬೇಕು, ನಿಲ್ಲಿಸಿದರೆ ಎಳೆತ ಪದರಗಳ ನಡುವೆ ಬಿದ್ದು ಬಿಸ್ಕತ್ತಿನಂತೆ ಮುರಿಯುತ್ತದೆ. ಪಿನ್ನಿಗೆ ಒಟ್ಟು 11 ಮೀಟರ್ ಉಕ್ಕಿನ ಸರಳು ಕತ್ತರಿಸಿದೆವು. ಇಂಟರ್ನ್‌ಶಿಪ್ಪಿನ ಅರ್ಜಿಗಳಿಗೆ ಒಂದರ ಹಿಂದೊಂದು 'ಇಲ್ಲ' ಬರುತ್ತಿದ್ದ ತಿಂಗಳುಗಳವು. ಶನಿವಾರ ಸಂಜೆ "ಇವತ್ತು 14 ಆಯ್ತು" ಎಂದು ಎಣಿಸಿ ಡಬ್ಬಿಗೆ ಹಾಕುವುದು ಎಷ್ಟು ಹಿತವಾಗಿತ್ತೆಂದು ಅದೇ ಪರಿಸ್ಥಿತಿಯಲ್ಲಿರುವ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಬಿಟ್ಟು ಶರ್ಮನ್ ಯಾಕೆ ಎಂದು ಒಮ್ಮೆ ಕೇಳಿದೆವು. ಇಂಥ ಮಾದರಿ ಮಾಡುವವರು ಬಹಳ ಮಂದಿ ಜರ್ಮನಿಯ ಟೈಗರ್‌ಗೆ ಮನಸೋಲುತ್ತಾರೆ. ಅಂಕಲ್‌ರ ಅಣ್ಣ ನಮ್ಮ ಸೈನ್ಯದ ಇಎಂಇ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಬಳಿ ಪಾಕಿಸ್ತಾನದ ಪ್ಯಾಟನ್‌ಗಳ ಎದುರು ನಿಂತವುಗಳಲ್ಲಿ ಡೆಕ್ಕನ್ ಹಾರ್ಸ್ ದಳದ ಹಳೆಯ ಶರ್ಮನ್‌ಗಳೂ ಇದ್ದವು. ಅಣ್ಣ ರಜೆಗೆ ಬಂದಾಗ ಯುದ್ಧದ ಕಥೆ ಹೇಳುತ್ತಿರಲಿಲ್ಲ, ಪಟ್ಟಿ ಬಿಗಿ ಮಾಡುವ ಕಥೆ ಹೇಳುತ್ತಿದ್ದರು, ಬೆರಳ ಚರ್ಮ ಹೋದದ್ದನ್ನು ತೋರಿಸುತ್ತಿದ್ದರು. ತಮ್ಮನಿಗೆ ತಲೆಯಲ್ಲಿ ಉಳಿದದ್ದು ಪಟ್ಟಿಯೇ.

ಈ ಪಟ್ಟಿ ಎಂಬ ವಸ್ತುವಿಗೆ ನಾವಿರುವ ಜಾಗದೊಂದಿಗೆ ನೆಂಟಸ್ತನ ಇದೆ ಎಂದು ಆಮೇಲೆ ತಿಳಿಯಿತು. ಇಲ್ಲಿಂದ ಪೂರ್ವಕ್ಕೆ ಸ್ಟಾಕ್‌ಟನ್. ಅಲ್ಲಿನ ನದೀಮುಖದ ಕರಿಮಣ್ಣು ಎಷ್ಟು ಮೆತ್ತಗೆ ಅಂದರೆ ಉಗಿ ಟ್ರ್ಯಾಕ್ಟರಿನ ಚಕ್ರ ಹೂತುಹೋಗುತ್ತಿತ್ತು. 1904ರ ನವೆಂಬರಿನಲ್ಲಿ ಬೆಂಜಮಿನ್ ಹೋಲ್ಟ್ ಚಕ್ರ ತೆಗೆದು ಪಟ್ಟಿ ಹಾಕಿ ಓಡಿಸಿದರು. ಕಂಬಳಿಹುಳುವಿನ ಹಾಗೆ ತೆವಳುತ್ತದೆ ಎಂದೇ ಅದಕ್ಕೆ ಕ್ಯಾಟರ್‌ಪಿಲ್ಲರ್ ಎಂಬ ಹೆಸರು. ಬಾರ್ಟ್ ರೈಲಿನಲ್ಲಿ ನಾವು ದಾಟುವ ಸ್ಯಾನ್ ಲಿಯಾಂಡ್ರೊದಲ್ಲಿ ಅವರ ಪ್ರತಿಸ್ಪರ್ಧಿ ಬೆಸ್ಟ್ ಕಂಪನಿಯ ಕಾರ್ಖಾನೆ ಇತ್ತು. 1925ರಲ್ಲಿ ಎರಡೂ ಒಂದಾದವು. ನಡುವೆ ಮೊದಲ ಮಹಾಯುದ್ಧದಲ್ಲಿ ಹೋಲ್ಟ್ ಟ್ರ್ಯಾಕ್ಟರುಗಳು ಫಿರಂಗಿ ಎಳೆಯುವುದನ್ನು ಕಂಡ ಬ್ರಿಟಿಷ್ ಅಧಿಕಾರಿಗಳಿಗೆ ಟ್ಯಾಂಕಿನ ಯೋಚನೆ ಗಟ್ಟಿಯಾಯಿತು. 1916ರ ಸೆಪ್ಟೆಂಬರ್ 15ರಂದು ಟ್ಯಾಂಕು ಮೊದಲ ಬಾರಿ ಯುದ್ಧಕ್ಕಿಳಿಯಿತು. ಗದ್ದೆಯಲ್ಲಿ ಹೂಳದಿರಲಿ ಎಂದು ಮಾಡಿದ್ದು ಹನ್ನೆರಡೇ ವರ್ಷದಲ್ಲಿ ಅಲ್ಲಿಗೆ ಹೋಯಿತು.

ಇನ್ನೊಂದು ನೆಂಟಸ್ತನ ಪೋರ್ಟೋಲಾ ವ್ಯಾಲಿಯದು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಜಾಕ್ ಲಿಟಲ್‌ಫೀಲ್ಡ್ ಎಂಬವರು ಮೊದಲು ಮಾದರಿಗಳನ್ನು ಮಾಡಿಕೊಂಡಿದ್ದು, 1975ರಿಂದ ನಿಜವಾದ ಯುದ್ಧವಾಹನಗಳನ್ನೇ ಕೊಳ್ಳತೊಡಗಿದರು. ಗುಡ್ಡದ ಮೇಲಿನ ಅವರ ಕೊಟ್ಟಿಗೆಗಳಲ್ಲಿ ಇನ್ನೂರಕ್ಕೂ ಹೆಚ್ಚು ವಾಹನಗಳು ಸೇರಿದವು. ಪೋಲೆಂಡಿನ ನದಿಯಿಂದ ಎತ್ತಿದ ಪ್ಯಾಂಥರ್ ಟ್ಯಾಂಕನ್ನು ಅಲ್ಲೇ ವರ್ಷಗಟ್ಟಲೆ ರಿಪೇರಿ ಮಾಡಿದರು. 2009ರಲ್ಲಿ ಅವರು ತೀರಿಕೊಂಡರು. 2014ರ ಜುಲೈನಲ್ಲಿ ಹೆಚ್ಚಿನವು ಹರಾಜಾದವು, ಉಳಿದವು ಮ್ಯಾಸಚೂಸೆಟ್ಸ್‌ನ ಮ್ಯೂಸಿಯಮ್ಮಿಗೆ ಹೋದವು. ಅಂಕಲ್ ಒಮ್ಮೆ ಅನುಮತಿ ಪಡೆದು ಹೋಗಿ ನೋಡಿ ಬಂದಿದ್ದರು. ಅಲ್ಲಿ ಶರ್ಮನ್ ಪಟ್ಟಿಯ ಮೇಲೆ ಕೈಯಿಟ್ಟು ಕೊಂಡಿ ಎಣಿಸಿದರಂತೆ. ಹರಾಜಿನ ಸುದ್ದಿ ಬಂದ ದಿನ ಊಟ ಸೇರಲಿಲ್ಲ ಅಂದರು. "ಇನ್ನೂರು ಟ್ಯಾಂಕಿಗೇ ಹಾಗಾಯ್ತು. ನನ್ ಒಂದಕ್ಕೆ ಯಾರು ಕೇಳ್ತಾರೆ?"

ಅಕ್ಟೋಬರ್ ಕೊನೆಗೆ ಪಟ್ಟಿ ಏರಿತು. ಹಳೆಯ ವೀಲ್‌ಚೇರಿನಿಂದ ಬಿಚ್ಚಿದ ಎರಡು 24 ವೋಲ್ಟಿನ ಮೋಟರು, ಪಕ್ಕಕ್ಕೊಂದು. ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಟ್ಯಾಂಕು 33 ಸೆಂಟಿಮೀಟರ್ ಮುಂದೆ. ನಿಮಿಷಕ್ಕೆ 150 ಸುತ್ತು, ಅಂದರೆ ಗಂಟೆಗೆ ಮೂರು ಕಿಲೋಮೀಟರ್, ಅಜ್ಜಿಯರ ವಾಕಿಂಗ್ ವೇಗ. ತೂಕ 65 ಕಿಲೋ. 30 ಟನ್ನನ್ನು ಆರರಿಂದ ಮೂರು ಸಲ ಭಾಗಿಸಿದರೆ ಸುಮಾರು 140 ಬರಬೇಕು, ನಮ್ಮದು ಅಲ್ಯೂಮಿನಿಯಂ ಒಡಲು, ಒಳಗೆ ಟೊಳ್ಳು, ಹಾಗಾಗಿ ಪ್ಲಾಸ್ಟಿಕ್ ಕೊಂಡಿ ತಡೆಯಿತು. ಉಡುಪಿಯವನು ಖುಷಿಯಲ್ಲಿ ಒಂದು ಪಟ್ಟಿ ಮುಂದೆ, ಇನ್ನೊಂದು ಹಿಂದೆ ಬಿಟ್ಟು ನಿಂತಲ್ಲೇ ಗಿರಗಿರ ತಿರುಗಿಸಿದ. ಅಂಕಲ್ ಗದರಿದರು: "ಶರ್ಮನ್ ಹಾಗೆ ತಿರುಗಲ್ಲ ಕಣೋ!" ಹೌದು, ಅದರ ಡಿಫರೆನ್ಷಿಯಲ್ಲಿನಲ್ಲಿ ಒಳಪಟ್ಟಿ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ದೊಡ್ಡ ಸುತ್ತು ಹಾಕಿಯೇ ತಿರುಗಬೇಕು. ಮೈಸೂರಿನವಳು ರಿಮೋಟಿನ ಪ್ರೋಗ್ರಾಂ ಬದಲಿಸಿದಳು. ಹುಲ್ಲಿನ ಮೇಲೆ ಪಟ್ಟಿ ಅಡ್ಡಕ್ಕೆ ಉಜ್ಜುವಾಗ ಎಳೆಯುತ್ತಿದ್ದ ಕರೆಂಟೂ ಅದರಿಂದ ಇಳಿಯಿತು.

ರಾಜ್ಯೋತ್ಸವಕ್ಕೆ ಟ್ಯಾಂಕ್ ತರೋಣ ಎಂದಾಗ ಧಾರವಾಡದವಳು ಒಪ್ಪಲಿಲ್ಲ. "ಹಬ್ಬದ ದಿನ ಸಣ್ಣ ಹುಡುಗೂರ ಕಡೆ ಫಿರಂಗಿ ತಿರುಗಿಸಿ ನಿಲ್ಲಸೂದು ನನಗ ಸರಿ ಅನಸೂದಿಲ್ಲ." ಅವಳು ಕೊಂಡಿಗಳ ಅರ್ಧ ಕೆಲಸ ಮಾಡಿದವಳು, ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನಾವು ಮೂವರು ಇದು ಬರೀ ಮಾದರಿ, ಇತಿಹಾಸ ಎಂದೆಲ್ಲ ವಾದಿಸಿದೆವು. ಅಂಕಲ್ ಏನೂ ಹೇಳದೆ ಎದ್ದು, ಟರೆಟ್ಟಿನ ನಾಲ್ಕು ಸ್ಕ್ರೂ ಬಿಚ್ಚಲು ಹೇಳಿದರು. ನವೆಂಬರಿನಲ್ಲಿ ನೀವು ಸಭಾಂಗಣದ ಹೊರಗೆ ನೋಡಿದ, ಮೇಲೆ ಹೋಳಿಗೆ ಡಬ್ಬಿಗಳನ್ನು ಹೊತ್ತು ಹುಲ್ಲಿನ ಮೇಲೆ ಓಡಾಡಿದ "ಬುಲ್ಡೋಜರ್" ಅದೇ. ಪಟ್ಟಿ ಒಮ್ಮೆಯೂ ಕಳಚಲಿಲ್ಲ.

ಡಿಸೆಂಬರಿನಲ್ಲಿ ಮನೆ ಖಾಲಿಯಾಯಿತು. ಲೇಥು ಫ್ರೀಮಾಂಟಿನ ಯಾರಿಗೋ ಹೋಯಿತು. ಟ್ಯಾಂಕು, ಟರೆಟ್ಟು ಬೇರೆ ಪೆಟ್ಟಿಗೆಯಲ್ಲಿ, ಟ್ರಕ್ಕು ಹತ್ತಿತು. ಜಿಗ್ಗನ್ನೂ ಒಂದು ಡಬ್ಬಿ ಪಿನ್ನುಗಳನ್ನೂ ನಮಗೆ ಕೊಟ್ಟು ಹೋದರು, ಈಗ ಸಂಘದ ಬೀರುವಿನಲ್ಲಿ ಗಣೇಶನ ಅಲಂಕಾರದ ಸಾಮಾನಿನ ಪಕ್ಕ ಇದೆ.

ಕಳೆದ ವಾರ ಫೋನು ಬಂತು. ಅಲ್ಲಿನ ನೆಲ ಗಟ್ಟಿ, ಬಲಪಕ್ಕದ ಮೂರು ಕೊಂಡಿಗಳ ಕಿವಿ ಹಾರಿದೆಯಂತೆ. ಪಿನ್ನು ಕೂರಿಸಲು ಯಾರಿದ್ದಾರೆ ಅಂಕಲ್ ಎಂದು ಕೇಳಿದೆವು. "ಮೊಮ್ಮಗಳು. ಒಂಬತ್ತು ವರ್ಷ, ಕೈ ಕಲ್ಲಿನ ಹಾಗೆ" ಅಂದರು. ಮೂರು ಸಾಕು ಅಂದಿದ್ದಾರೆ. ಹತ್ತು ಮುದ್ರಿಸಿದ್ದೇವೆ, ಈ ಶನಿವಾರ ರೀಮರ್ ಹಾಕಿ ಸೋಮವಾರ ಪೋಸ್ಟ್ ಮಾಡುವುದು.